ಅಲಸಂದಿ ಕಾಳಿನ ಹಾಪಿನ್ ಜಾನ್ ಮಾಡ್ರಿ, ಕಟ್ಟು ಮಾತ್ರ ಚೆಲ್ಲಬ್ಯಾಡ್ರಿ

ನಮ್ಮ ತಂಗಿ ಅಮೆರಿಕಾದ ಅಟ್ಲಾಂಟಾದಾಗ ಇರ್ತಾಳ. ಅಲ್ಲೆ ದಕ್ಷಿಣದ ಕಡೆ ಜನವರಿ 1ಕ್ಕ ಅಲಸಂದಿ ಕಾಳು ತಿನ್ನೋ ಪದ್ಧತಿ ಐತಿ, ಕಾಳು ಅಂದ್ರ ಚಿಲ್ಲರ ರೊಕ್ಕ, ತಪ್ಪಲ ಪಲ್ಯಾ ಅಂದ್ರ ನೋಟು, ಗೊಂಜಾಳದ ಬ್ರೆಡ್ ಅಂದ್ರ ಬಂಗಾರ, ಮೂರೂ ತಿಂದ್ರ ವರ್ಷಪೂರ್ತಿ ಕೈ ಖಾಲಿ ಆಗಂಗಿಲ್ಲ ಅಂತ ನಂಬಿಕಿ, ನಾವು ಯುಗಾದಿಗೆ ಬೇವು ಬೆಲ್ಲ ತಿಂತೀವಲ್ಲ ಹಂಗ. ಈ ಕಾಳು, ಅಕ್ಕಿ ಕೂಡಿಸಿ ಮಾಡೋದಕ್ಕ ಹಾಪಿನ್ ಜಾನ್ ಅಂತಾರ. ಸೌತ್ ಕ್ಯಾರೊಲಿನಾದ ಸಮುದ್ರದ ದಂಡಿ ಅಡಗಿ ಇದು, 1847ರಾಗ ಚಾರ್ಲ್ಸ್‌ಟನ್‌ನ್ಯಾಗ ಅಚ್ಚಾದ ಅಡಗಿ ಪುಸ್ತಕದಾಗ ಸೈತ ಐತಿ, ಆದ್ರ ಕೈರುಚಿ ಪಶ್ಚಿಮ ಆಫ್ರಿಕಾದಿಂದ ಗುಲಾಮರಂತ ಹಿಡಕೊಂಡು ಹೋದ ಮಂದೀದು. ಅಲಸಂದಿ ಹುಟ್ಟಿದ್ದೂ ಆಫ್ರಿಕಾದಾಗನ. ಅಲ್ಲಿಂದ ಒಂದು ದಿಕ್ಕಿಗೆ ಅಮೆರಿಕಾಕ್ಕ ಹೋತು, ಅದಕ್ಕೂ ಸಾವಿರಾರು ವರ್ಷ ಮೊದಲ ನಮ್ಮ ಕಡೆ ಬಂತು.

ಕಾಳು ಧಾರವಾಡ ಸೂಪರ್ ಮಾರ್ಕೆಟ್‌ನ್ಯಾಗ ಸಿಗ್ತಾವು, ತಗೊಳ್ಳೋವಾಗ ಅಂಗೈಯಾಗ ಹಾಕ್ಕೊಂಡು ನೋಡ್ರಿ, ಹಳದಿ ತಿರುಗಿದ್ದು, ತೂತು ಬಿದ್ದದ್ದು ಬ್ಯಾಡ, ಹಳೇ ಕಾಳು ಎಷ್ಟು ಕುದಿಸಿದ್ರೂ ಗಟ್ಟಿನ ಉಳಿತಾವು. ಒಂದು ಕಪ್ ಕಾಳು ನಾಕೈದು ತಾಸು ನೆನಿ ಹಾಕ್ರಿ.

ಮೊದಲ ಸಲ ನಾ ಕುಕ್ಕರಿನ್ಯಾಗ ಮೂರು ಸೀಟಿ ಹೊಡಿಸಿದೆ, ಕಾಳೆಲ್ಲಾ ಹೂರಣ ಆಗಿಬಿಟ್ಟಿತ್ತು. ಎರಡನೇ ಸಲ ಕಾಳು ಚಂದ ಬೆಂದ್ವು ಆದ್ರ ನೀರು ಬಸದು ಸಿಂಕಿಗೆ ಸುರುವಿದೆ, ಹಿಂದ ನಿಂತಿದ್ದ ಅವ್ವ "ಅಯ್ಯ, ಕಟ್ಟು ಚೆಲ್ಲಿದಿ? ಹೋಳಿಗಿ ದಿನಾ ಕಟ್ಟು ಚೆಲ್ಲತೀಯೇನ ನೀ?" ಅಂದ್ಲು. ಅನ್ನ ಬರೇ ನೀರಾಗ ಮಾಡಿ ಕಾಳು ಕಲಿಸಿದ್ರ ಅದು ಸಪ್ಪನ ಅನ್ನ, ಮ್ಯಾಲೆ ನಾಕು ಕಾಳು, ಅಷ್ಟ. ಆ ಕಟ್ಟಿನ್ಯಾಗನ ಅಕ್ಕಿ ಬೇಯಬೇಕು, ಇದೊಂದು ತಪ್ಪಿದ್ರ ಮತ್ತೇನು ಹಾಕಿದ್ರೂ ಹಾಪಿನ್ ಜಾನ್ ಆಗಂಗಿಲ್ಲ.

ದಪ್ಪ ತಳದ ಪಾತೇಲಿ ಇಡ್ರಿ, ಎರಡು ಚಮಚ ಎಣ್ಣಿ, ಒಂದು ದೊಡ್ಡ ಉಳ್ಳಾಗಡ್ಡಿ, ಅರ್ಧ ಡೊಣ್ಣ ಮೆಣಸಿನಕಾಯಿ, ನಾಕು ಎಸಳು ಬಳ್ಳೊಳ್ಳಿ ಎಲ್ಲಾ ಸಣ್ಣಗ ಹೆಚ್ಚಿ ಮೆತ್ತಗಾಗೋತನಕ ಹುರೀರಿ. ಸೆಲರಿ ಸಿಕ್ರ ಒಂದು ದಂಟು ಹಾಕ್ರಿ, ಸಿಗಲಿಲ್ಲಂದ್ರ ಬಿಡ್ರಿ. ಕಾಳು, ಐದು ಕಪ್ ನೀರು, ಒಂದು ತೇಜಪತ್ತಾ ಎಲಿ, ಎರಡು ಬ್ಯಾಡಗಿ ಮೆಣಸಿನಕಾಯಿ ಹಾಕಿ ಸಣ್ಣ ಉರಿ ಮ್ಯಾಲೆ ಕುದಿಸ್ರಿ. ಅರ್ಧ ತಾಸಿಗೆ ಒಂದು ಕಾಳು ಎರಡು ಬಳ್ಳಾಗ ಹಿಡದು ಒತ್ರಿ, ಸಿಪ್ಪಿ ಒಡೀದಂಗ ಒಳಗ ಬೆಣ್ಣಿಯಂಗ ಮೆತ್ತಗಾಗಿದ್ರ ಸಾಕು, ಇಲ್ಲಂದ್ರ ಇನ್ನೊಂದಿಷ್ಟು ಹೊತ್ತು ಬಿಡ್ರಿ. ಈಗ ಕಟ್ಟು ಬಸದು ಅಳೀರಿ, ಎರಡು ಕಪ್ ಇರಬೇಕು, ಕಡಿಮಿ ಬಿದ್ರ ನೀರು ಕೂಡಿಸ್ರಿ, ಹೆಚ್ಚಾದ್ರ ತಗದಿಡ್ರಿ, ಸಂಜಿಗೆ ಸಾರಿಗೆ ಆಗ್ತೈತಿ. ಕಾಳು, ಕಟ್ಟು, ತೊಳದ ಒಂದು ಕಪ್ ಸೋನಾ ಮಸೂರಿ, ಉಪ್ಪು, ಕರಿಮೆಣಸಿನ ಪುಡಿ ಹಾಕಿ ಮುಚ್ಚಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸ್ರಿ, ನಡುವ ಕೈ ಆಡಿಸಬ್ಯಾಡ್ರಿ.

ಅವರು ಹೊಗಿ ಕೊಟ್ಟ ಹಂದಿ ಮಾಂಸ ಹಾಕ್ತಾರ, ಅದರ ಹೊಗಿ ವಾಸನಿನ ಈ ಅಡಗಿ ಜೀವಾಳ. ನಮ್ಮ ಮನಿಯಾಗ ಮಾಂಸ ಇಲ್ಲ, ಅದಕ್ಕ ನಾ ಇದ್ದಲಿ ಕೆಂಡ ಮಾಡಿ ಸ್ಟೀಲ್ ಬಟ್ಟಲದಾಗ ಹಾಕಿ ಅನ್ನದ ನಡುವ ಇಟ್ಟು ಮ್ಯಾಲೆ ಅರ್ಧ ಚಮಚ ತುಪ್ಪ ಬಿಟ್ಟು ಗಪ್ಪನ ಮುಚ್ಚತೀನಿ. ಐದು ನಿಮಿಷ ಸಾಕು, ಹತ್ತು ನಿಮಿಷ ಬಿಟ್ರ ಅನ್ನ ಕಹಿ ಆಗ್ತೈತಿ.

ಪಲ್ಯಾಕ್ಕ ಅಲ್ಲೆ ಕೊಲಾರ್ಡ್ ಅನ್ನೋ ದಪ್ಪನ ತಪ್ಪಲ, ನಮಗ ಮೂಲಂಗಿ ತಪ್ಪಲ ನಡೀತೈತಿ. ಬಳ್ಳೊಳ್ಳಿ ಒಗ್ಗರಣಿ ಹಾಕಿ ಒಂದು ಕಪ್ ನೀರಾಗ ಇಪ್ಪತ್ತು ನಿಮಿಷ ಬೇಯಿಸಿ ಕಡೀಕ ಸ್ವಲ್ಪ ವಿನೆಗರ್ ಇಲ್ಲಾ ನಿಂಬಿಹಣ್ಣು ಹಿಂಡ್ರಿ, ಆ ರಸಾನೂ ಚೆಲ್ಲಬ್ಯಾಡ್ರಿ, ಅವರು ಅದಕ್ಕ ಪಾಟ್‌ಲಿಕರ್ ಅಂತ ಹೆಸರಿಟ್ಟು ಬ್ರೆಡ್ ಅದ್ದಿಕೊಂಡು ತಿಂತಾರ.

ಬ್ರೆಡ್ಡಿಗೆ ಒಂದು ಕಪ್ ಗೊಂಜಾಳ ಹಿಟ್ಟು (ಹಾವೇರಿ ಕಡೆಯವರು ಮನಿ ಗೊಂಜಾಳನ ಗಿರಣಿಗೆ ಕೊಟ್ಟು ಸ್ವಲ್ಪ ತರಿ ತರಿ ಬೀಸಿಸಿದ್ರ ಇನ್ನೂ ಚಲೋ), ಅರ್ಧ ಕಪ್ ಗೋದಿ ಹಿಟ್ಟು, ಒಂದೂವರಿ ಸಣ್ಣ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ, ಉಪ್ಪು, ಒಂದು ಕಪ್ ಹುಳಿ ಮಜ್ಜಿಗಿ, ಒಂದು ತತ್ತಿ ಇಲ್ಲಾ ಎರಡು ಚಮಚ ಗಟ್ಟಿ ಮೊಸರು. ಕಬ್ಬಿಣದ ಬಾಣಲಿಯಾಗ ಬೆಣ್ಣಿ ಕಾಯಿಸ್ರಿ, ಹಿಟ್ಟು ಬಿಟ್ಟ ಕೂಡಲೆ ಚುರ್ ಅಂತ ಸಪ್ಪಳಾ ಬರಬೇಕು, ಆ ಕಾವಿಗೇ ಅಂಚು ಗರಿಗರಿ ಆಗ್ತೈತಿ. ಮುಚ್ಚಿ, ತೀರಾ ಸಣ್ಣ ಉರಿಗೆ ಇಪ್ಪತ್ತೈದು ನಿಮಿಷ. ಕಡ್ಡಿ ಚುಚ್ಚಿದ್ರ ಹಿಟ್ಟು ಹತ್ತಬಾರದು.

ಮರುದಿನ ಉಳದದ್ದಕ್ಕ ಅಲ್ಲೆ ಸ್ಕಿಪಿನ್ ಜೆನ್ನಿ ಅಂತ ಬ್ಯಾರೆ ಹೆಸರು. ನಮ್ಮಲ್ಲೆ ಅವ್ವ ಅದನ್ನ ಬಿಸಿ ಮಾಡಿ ಮ್ಯಾಲೆ ಗುರೆಳ್ಳು ಹಿಂಡಿ, ಒಂದಿಷ್ಟು ಎಣ್ಣಿ ಹಾಕ್ಕೊಂಡು ತಿಂತಾಳ, ತಂಗಿಗೆ ವಿಡಿಯೋ ಕಾಲ್‌ನ್ಯಾಗ ತೋರಿಸಿದ್ರ ಆಕಿ ಹಿಂಡಿ ಪಾರ್ಸಲ್ ಕಳಸು ಅಂತ ಕುಂತಾಳ.