ಡ್ಯಾನ್ಸ್ ಪ್ಯಾಡ್ ಕೊಳ್ಳುವ ಮುಂಚೆ ಎಡ-ಬಲ ಒಟ್ಟಿಗೆ ತುಳಿದು ನೋಡಿ

ಮನೆಗೆ ಡ್ಯಾನ್ಸ್ ಪ್ಯಾಡ್ (ಬಾಣಗಳನ್ನು ಕಾಲಲ್ಲಿ ತುಳಿದು ಕಂಪ್ಯೂಟರ್‌ ಗೇಮ್ ಆಡುವ ಚಾಪೆ) ತರಬೇಕು ಅಂತಿರುವವರು ಅದನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ವಿಂಡೋಸ್‌ನ ಗೇಮ್ ಕಂಟ್ರೋಲರ್ ಸೆಟ್ಟಿಂಗ್ ತೆರೆದು, ಎಡ ಮತ್ತು ಬಲ ಬಾಣಗಳನ್ನು ಒಟ್ಟಿಗೆ ತುಳಿಯಿರಿ. ಪರದೆಯಲ್ಲಿ ಎರಡು ಬಟನ್ ಬೇರೆ ಬೇರೆಯಾಗಿ ಹೊತ್ತಿಕೊಂಡರೆ ಧೈರ್ಯವಾಗಿ ತಗೊಳ್ಳಿ. ಏನೂ ಹೊತ್ತದೆ, ಪರದೆಯ ಚೌಕದೊಳಗಿನ ಪ್ಲಸ್ ಗುರುತು ನಡುವೆಯೇ ನಿಂತಿದ್ದರೆ ಬಿಟ್ಟುಬಿಡಿ. ಅಂಥ ಪ್ಯಾಡ್ ಬಾಣಗಳನ್ನು ಜಾಯ್‌ಸ್ಟಿಕ್ ಕಡ್ಡಿಯ ಹಾಗೆ ಲೆಕ್ಕ ಹಾಕುತ್ತದೆ. ಕಡ್ಡಿ ಒಂದೇ ಸಲ ಎರಡೂ ಕಡೆ ವಾಲಲ್ಲ ಅಲ್ವಾ, ಹಾಗಾಗಿ ಎಡ ಬಲವನ್ನು, ಬಲ ಎಡವನ್ನು ಅಳಿಸಿಹಾಕುತ್ತದೆ. ಸ್ಟೆಪ್‌ಮೇನಿಯಾ ಎಂಬ, ಹಾಡಿಗೆ ತಕ್ಕಂತೆ ಬಾಣ ತುಳಿಯುವ ಗೇಮ್‌ನಲ್ಲಿ ಎರಡೂ ಕಾಲು ಒಟ್ಟಿಗೆ ಇಡುವ ಜಂಪ್‌ಗಳು ಜಾಸ್ತಿ. ಎಡ-ಬಲದ ಜಂಪ್ ಬಂದಾಗ ಮಕ್ಕಳು ಎಷ್ಟು ಚೆನ್ನಾಗಿ ಹಾರಿದರೂ ಮಿಸ್ ಅಂತಲೇ ಬರುತ್ತದೆ, ಪಾಪ ಬೇಜಾರಾಗಿಬಿಡುತ್ತಾರೆ. ಹಳೆಯ ಪ್ಲೇಸ್ಟೇಷನ್ ಪ್ಯಾಡ್ ಆದರೆ ತಪ್ಪು ಯುಎಸ್‌ಬಿ ಕನ್ವರ್ಟರ್‌ನದೂ ಇರಬಹುದು, ಅದನ್ನು ಬದಲಿಸಿ ಇನ್ನೊಮ್ಮೆ ತುಳಿಯಿರಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಕೊಡುವ ಅವಕಾಶ ಇರುವುದನ್ನೇ ನೋಡಿ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಅಂಗಡಿಯಲ್ಲಿ ತುಳಿದು ನೋಡಿ ತರುವಷ್ಟು ಪ್ಯಾಡ್‌ಗಳು ಸಿಗುವುದು ಕಷ್ಟ. ಪ್ಯಾಡ್ ಎಷ್ಟು ದಿನ ಬಾಳುತ್ತದೆ ಅನ್ನುವುದು ಮಾತ್ರ ಈ ಪರೀಕ್ಷೆಯಲ್ಲಿ ಗೊತ್ತಾಗಲ್ಲ. ಮಡಚುವ ಪ್ಯಾಡ್‌ನೊಳಗೆ ಕರೆಂಟು ಹರಿಯುವ ಎರಡು ಪದರ, ನಡುವೆ ತೂತಿರುವ ತೆಳು ಫೋಮ್ ಇರುತ್ತದೆ. ಫೋಮ್ ಚಪ್ಪಟೆಯಾದರೆ ತುಳಿಯದಿದ್ದರೂ ಬಾಣ ಒತ್ತಿಕೊಂಡೇ ಇರುತ್ತದೆ. ಆದ್ದರಿಂದ ಮಡಚಬೇಡಿ, ಸುರುಳಿ ಸುತ್ತಿಡಿ. ನಮ್ಮ ಮಳೆಗಾಲದ ಥಂಡಿ ನೆಲದ ಮೇಲೆ ಹಾಸಿಯೇ ಬಿಡಬೇಡಿ. ರೆಡ್ ಆಕ್ಸೈಡ್ ನೆಲದಲ್ಲಿ ಜಾರುತ್ತದೆ, ಪ್ಲೈವುಡ್ ಹಲಗೆಗೆ ಟೇಪ್ ಹಾಕಿ ಅಂಟಿಸಿ, ಹಲಗೆಯ ಕೆಳಗೆ ರಬ್ಬರ್ ಮ್ಯಾಟ್ ಹಾಕಿಕೊಳ್ಳಿ.