ಇಳಿಯಬೇಕಾದ ಹೊತ್ತಿಗೆ ಇಳಿಯದ ಕಾರ್ಟಿಸಾಲ್: ಬಿಪಿ, ಶುಗರ್, ಆತಂಕ ಇರುವವರು ಮನೆಯಲ್ಲೇ ಮಾಡಬಹುದಾದದ್ದು

ರಾತ್ರಿ ಎರಡೇ ಚಪಾತಿ ತಿಂದು ಮಲಗಿದರೂ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ಯಾಕೆ ಏರಿರುತ್ತದೆ ಎಂಬುದು ಸಕ್ಕರೆ ಕಾಯಿಲೆ ಇರುವ ಬಹಳ ಮಂದಿಯ ಗೊಂದಲ. ತಪ್ಪು ಚಪಾತಿಯದ್ದಲ್ಲ. ಬೆಳಗಿನ ಜಾವ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರುತ್ತದೆ, ಲಿವರ್ ತನ್ನ ದಾಸ್ತಾನಿನಿಂದ ಗ್ಲೂಕೋಸ್ ಬಿಡುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುತ್ತದೆ, ಮಧುಮೇಹಿಗಳಲ್ಲಿ ಆಗುವುದಿಲ್ಲ.

ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಗರಿಷ್ಠ ಮಟ್ಟ ಮುಟ್ಟಿ, ಸಂಜೆಗೆ ಇಳಿದು, ನಡುರಾತ್ರಿ ಹೊತ್ತಿಗೆ ತಳ ಮುಟ್ಟಬೇಕು. ಏರುವುದು ರೋಗವಲ್ಲ, ಏರದಿದ್ದರೆ ಹಾಸಿಗೆಯಿಂದ ಏಳುವುದೇ ಕಷ್ಟ. ತೊಂದರೆ ಇರುವುದು ಇಳಿಯಬೇಕಾದ ಹೊತ್ತಿಗೆ ಇಳಿಯದಿರುವುದರಲ್ಲಿ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಎರಡು ಮುಖ್ಯ ಒತ್ತಡದ ಹಾರ್ಮೋನ್‌ಗಳು ಬರುತ್ತವೆ. ಅಡ್ರಿನಲಿನ್ ಸೆಕೆಂಡುಗಳಲ್ಲಿ ಬಂದು ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಕಾರ್ಟಿಸಾಲ್ ನಿಧಾನ: ಜಗಳವಾಗಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ತುದಿ ಮುಟ್ಟಿ, ಇಳಿಯಲು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಫೋನ್, ಮತ್ತೊಂದು ಕಿರಿಕಿರಿ. ಹೀಗೆ ತಿಂಗಳುಗಟ್ಟಲೆ ನಡೆದರೆ ರಕ್ತನಾಳಗಳು ಬಿಗಿಯಾಗಿ ಬಿಪಿ ಏರುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ನಿದ್ದೆ ತೆಳುವಾಗುತ್ತದೆ. ಆತಂಕ ಇರುವವರಲ್ಲಿ ಎದೆ ಡವಡವ ಎಂದರೆ ಹೃದಯಕ್ಕೇನೋ ಆಯಿತೆಂಬ ಭಯ, ಆ ಭಯಕ್ಕೆ ಮತ್ತಷ್ಟು ಅಡ್ರಿನಲಿನ್. ಹಾಗೆಂದು ಎಲ್ಲವನ್ನೂ ಟೆನ್ಶನ್ ತಲೆಗೆ ಕಟ್ಟುವುದು ಸರಿಯಲ್ಲ. ವಂಶ, ತೂಕ, ಉಪ್ಪು, ತಂಬಾಕು ಎಲ್ಲಕ್ಕೂ ಪಾಲಿದೆ.

ಕಾರ್ಟಿಸಾಲ್ ಟೆಸ್ಟ್ ಮಾಡಿಸಬೇಕೇ? ಸುಮ್ಮನೆ ಬೇಡ. ಹೊತ್ತಿನಿಂದ ಹೊತ್ತಿಗೆ ಹಲವು ಪಟ್ಟು ಬದಲಾಗುವ ಹಾರ್ಮೋನಿನ ಒಂದೇ ಅಳತೆಯಿಂದ ದೀರ್ಘಕಾಲದ ಒತ್ತಡ ತಿಳಿಯುವುದಿಲ್ಲ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಸಾಕು ರಿಪೋರ್ಟ್ ಏರುಪೇರಾಗಲು. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆಯ ಅನುಮಾನ ಬಂದರೆ ವೈದ್ಯರೇ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟು, ಕಾರ್ಟಿಸಾಲ್ ಇಳಿದಿದೆಯೇ ಎಂದು ನೋಡಲು ಬೆಳಿಗ್ಗೆ 8ಕ್ಕೆ ರಕ್ತ ತೆಗೆಸುತ್ತಾರೆ. ‘ಅಡ್ರಿನಲ್ ಸುಸ್ತು’ ಎಂದು ಹೇಳಿ ಪ್ಯಾಕೇಜ್ ಮಾರುವವರಿದ್ದಾರೆ. ಹಾರ್ಮೋನ್ ತಜ್ಞರು ಅಂಥದ್ದೊಂದು ಕಾಯಿಲೆಯನ್ನು ಒಪ್ಪುವುದಿಲ್ಲ.

ಮೊದಲ ವಾರ ಬರೀ ಅಳೆಯಿರಿ

ಬಿಪಿಯನ್ನು ಬೆಳಿಗ್ಗೆ ಮಾತ್ರೆ, ತಿಂಡಿಗೆ ಮೊದಲು ಮತ್ತು ರಾತ್ರಿ ಮಲಗುವ ಮುನ್ನ ನೋಡಿ. ಅದಕ್ಕೂ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಸಿಗರೇಟ್, ವ್ಯಾಯಾಮ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಎರಡನ್ನೂ ಬರೆದಿಡಿ. ಮಂಚದಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು, ಶರ್ಟ್ ತೋಳಿನ ಮೇಲೇ ಕಫ್ ಸುತ್ತುವುದು, ಅಳೆಯುವಾಗ ಮನೆಯವರ ಜೊತೆ ಮಾತಾಡುವುದು, ದಪ್ಪ ತೋಳಿಗೆ ಚಿಕ್ಕ ಕಫ್ ಹಾಕುವುದು, ಇವೆಲ್ಲ ಬಿಪಿಯನ್ನು ಇಲ್ಲದಷ್ಟು ಹೆಚ್ಚು ತೋರಿಸುತ್ತವೆ. ಮೊದಲ ದಿನದ್ದನ್ನು ಬಿಟ್ಟು ಉಳಿದ ಆರು ದಿನದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಿ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆಳಗಿನ ಶುಗರ್ ಹೆಚ್ಚಿದ್ದರೆ ಒಂದೆರಡು ರಾತ್ರಿ 3 ಗಂಟೆಗೂ ನೋಡಿ. 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷದ ಮೇಲೆ ಮತ್ತೆ ಅಳೆಯಿರಿ. ಡೋಸ್ ನೀವೇ ಬದಲಿಸದೆ ವೈದ್ಯರಿಗೆ ಹೇಳಿ.

ಎರಡನೇ ವಾರ ಬದಲಾವಣೆ

ಏಳುವ ಹೊತ್ತು ಭಾನುವಾರವೂ ಒಂದೇ ಇರಲಿ. ಎದ್ದ ಒಂದು ಗಂಟೆಯೊಳಗೆ ಹದಿನೈದು ಇಪ್ಪತ್ತು ನಿಮಿಷ ಬಯಲ ಬೆಳಕಿಗೆ ಬನ್ನಿ. ಕಿಟಕಿ ಪಕ್ಕ ಕೂತು ಪೇಪರ್ ಓದಿದರೆ ಅಷ್ಟು ಬೆಳಕು ಸಿಗದು.

ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ 5ರ ಫಿಲ್ಟರ್ ಕಾಫಿಯ ಅರ್ಧ ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತದೆ ಎಂದಾಯಿತು. ಕೊನೆಯ ಲೋಟ ಮಧ್ಯಾಹ್ನದ ಊಟದ ಹೊತ್ತಿಗೇ ಮುಗಿಯಲಿ. ದಿಢೀರನೆ ಬಿಟ್ಟರೆ ತಲೆನೋವು ಬರಬಹುದು, ಎರಡು ದಿನಕ್ಕೊಮ್ಮೆ ಅರ್ಧ ಲೋಟ ಇಳಿಸುತ್ತ ಹೋಗಿ. ರಾತ್ರಿ ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಎನ್ನುವವರು ನಡುರಾತ್ರಿ ಕಳೆದ ಮೇಲೆ ಎಚ್ಚರವಾಗುವುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಉಸಿರಾಟಕ್ಕೆ ಬರೋಣ. ಹೇಳಲು ಸುಲಭ, ಹೆಚ್ಚಿನವರು ಎಡವುವುದೂ ಇಲ್ಲೇ. ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ, ದಿನಕ್ಕೆ ಎರಡು ಸಲ. ಮಣಿಕಟ್ಟಿನ ನಾಡಿ ಹಿಡಿದು ಗಮನಿಸಿ: ಉಸಿರು ಎಳೆದಾಗ ನಾಡಿ ತುಸು ಚುರುಕು, ಬಿಟ್ಟಾಗ ನಿಧಾನ. ಉಸಿರು ಬಿಡುವಾಗ ವೇಗಸ್ ನರ ಹೃದಯದ ಲಗಾಮು ಎಳೆಯುತ್ತದೆ, ಆದ್ದರಿಂದಲೇ ಬಿಡುವುದು ಉದ್ದವಾಗಿರಬೇಕು. ಜೋರಾಗಿ, ಎದೆ ಉಬ್ಬಿಸಿ ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ತುಟಿ ಜುಮ್ಮೆನ್ನುತ್ತವೆ. ಆತಂಕ ಇರುವವರು ಆಗ ಹೆದರಿ ಬಿಟ್ಟೇಬಿಡುತ್ತಾರೆ. ಬೇಕಿರುವುದು ದೊಡ್ಡ ಉಸಿರಲ್ಲ, ನಿಧಾನದ ಉಸಿರು. 6 ಕಷ್ಟವಾದರೆ 3 ಒಳಗೆ, 4 ಹೊರಗೆ ಎಂದು ಶುರುಮಾಡಿ. ಬಿಪಿ ಹೆಚ್ಚಿರುವವರು ಉಸಿರು ಕಟ್ಟಿ ಹಿಡಿಯುವ ಕುಂಭಕ ಮಾಡಬಾರದು. ಗಾಬರಿ ಬಂದಾಗಷ್ಟೇ ಮಾಡಿದರೆ ಕೈಗೂಡದು, ನೆಮ್ಮದಿಯಲ್ಲಿರುವಾಗ ರೂಢಿಯಾಗಿರಬೇಕು.

ಉಳಿದಂತೆ ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸು ನಡಿಗೆ, ಮಲಗುವ ಎರಡು ಮೂರು ಗಂಟೆ ಮೊದಲೇ ಊಟ, ಏಳು ಗಂಟೆ ನಿದ್ದೆ. ಇದರಿಂದ ಬಿಪಿ ಒಂದಿಷ್ಟು ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ.

ಒತ್ತಡದ ಲೆಕ್ಕಕ್ಕೆ ಸೇರಿಸಬಾರದವು

ಎದೆ ಡವಡವದ ಜೊತೆ ಕೈ ನಡುಕ, ಬೆವರು, ತೂಕ ಇಳಿಕೆ ಇದ್ದರೆ ಥೈರಾಯ್ಡ್‌ಗೆ ಟಿಎಸ್ಎಚ್ ಮಾಡಿಸಿ, ರಕ್ತಹೀನತೆಗೆ ಹಿಮೋಗ್ಲೋಬಿನ್ ನೋಡಿಸಿ. ಎದೆ ಹಿಂಡಿದಂತೆ ನೋವು, ಏದುಸಿರು ಬಂದರೆ ಪ್ರಾಣಾಯಾಮಕ್ಕೆ ಕೂರದೆ 108ಕ್ಕೆ ಕರೆ ಮಾಡಿ. ಆತಂಕದಿಂದ ಎರಡು ವಾರಕ್ಕೂ ಹೆಚ್ಚು ಕಾಲ ಕೆಲಸ, ನಿದ್ದೆ ಕೆಟ್ಟಿದ್ದರೆ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಮೂಡಿ, ಕುಕ್ಕರಗಾಲಿನಿಂದ ಏಳಲು ಕಷ್ಟವಾದರೆ ಅದು ನಿಜಕ್ಕೂ ಕಾರ್ಟಿಸಾಲ್ ಅತಿಯಾದ ಗುರುತು. ಬಹುಪಾಲು ಕಾರಣ ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಹೊರಗಿನ ಸ್ಟೀರಾಯ್ಡ್: ಮಂಡಿನೋವಿಗೆ, ದಮ್ಮಿಗೆ ಚೀಟಿ ಇಲ್ಲದೆ ಕೊಂಡ ಮಾತ್ರೆ, ಲೇಬಲ್ ಇಲ್ಲದ ಪುಡಿ. ಗೊತ್ತಾದ ದಿನವೇ ಅದನ್ನು ಎಸೆಯಲೂ ಬಾರದು. ಬಹಳ ದಿನ ಹೊರಗಿನಿಂದ ಸಿಕ್ಕ ಮೇಲೆ ಅಡ್ರಿನಲ್ ಗ್ರಂಥಿ ಕೆಲಸ ಮರೆತಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ವಾಂತಿಯಾಗಿ ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಮಾತ್ರೆಯ ಪಟ್ಟಿ, ಪುಡಿಯ ಪೊಟ್ಟಣ ಎರಡನ್ನೂ ವೈದ್ಯರ ಬಳಿ ಒಯ್ಯಿರಿ, ಎಷ್ಟೆಷ್ಟು ಇಳಿಸಬೇಕೆಂದು ಅವರು ಹೇಳುತ್ತಾರೆ.