ಲೈವ್ ಡ್ರಮ್ಸ್ ಟ್ರ್ಯಾಕನ್ನು ಮಿಡಿಗೆ ತರುವುದು: ಕಿಕ್, ಸ್ನೇರ್ ಬದಲಿಸಿ, ಸಿಂಬಲ್ ಹಾಗೇ ಬಿಡಿ

ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಗೋಡೌನಿನಲ್ಲೋ ಹಾಸನದ ಯಾವುದಾದರೂ ಕಲ್ಯಾಣಮಂಟಪದಲ್ಲೋ ರೆಕಾರ್ಡ್ ಮಾಡಿದ ಡ್ರಮ್ಸ್‌ನ ತೊಂದರೆ ಹೆಚ್ಚುಕಡಿಮೆ ಒಂದೇ ತರಹ. ನುಡಿಸಿದ್ದು ಚೆನ್ನಾಗಿರುತ್ತದೆ, ಸದ್ದು ಕೆಟ್ಟಿರುತ್ತದೆ. ಕಿಕ್‌ಗೆ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ತೂಕವಿಲ್ಲ, ಸ್ನೇರ್ (ಕೋಲಿನಿಂದ ಹೊಡೆಯುವ, ಚಟ್ ಎನ್ನುವ ಡ್ರಮ್) ಮೈಕಿನಲ್ಲಿ ಸ್ನೇರ್‌ಗಿಂತ ಹೈ-ಹ್ಯಾಟೇ (ಕಾಲಲ್ಲಿ ತೆರೆದು ಮುಚ್ಚುವ ಜೋಡಿ ಸಿಂಬಲ್) ಜೋರು, ಮಳೆಗಾಲವಾದರೆ ಶೀಟಿನ ಮೇಲಿನ ಮಳೆ ಬೇರೆ. ಯಾವ ಹೊಡೆತ ಯಾವಾಗ ಬಿತ್ತು, ಎಷ್ಟು ಜೋರಾಗಿ ಬಿತ್ತು ಎಂಬುದನ್ನು ಉಳಿಸಿಕೊಂಡು ಸದ್ದನ್ನಷ್ಟೇ ಬದಲಿಸಲು ಮಿಡಿ (ಸದ್ದಿನ ಬದಲು ಯಾವ ನೋಟ್, ಯಾವಾಗ, ಎಷ್ಟು ಜೋರು ಎಂಬುದನ್ನಷ್ಟೇ ಬರೆದಿಡುವ ಕಂಪ್ಯೂಟರ್ ಮಾಹಿತಿ) ಬೇಕು. ತಾಳವೇ ಕೆಟ್ಟಿದ್ದರೆ ಇದರಿಂದ ರಿಪೇರಿ ಆಗುವುದಿಲ್ಲ, ಇನ್ನೊಮ್ಮೆ ನುಡಿಸಿಸುವುದೇ ವಾಸಿ.

ನಮ್ಮ ಕಡೆ ಬಹಳ ಜನರ ಹತ್ತಿರ ಇರುವುದು 4 ಇನ್‌ಪುಟ್‌ನ ಇಂಟರ್‌ಫೇಸ್: ಕಿಕ್‌ಗೊಂದು ಮೈಕ್, ಸ್ನೇರ್‌ಗೊಂದು, ಮೇಲೆ ಎರಡು ಓವರ್‌ಹೆಡ್. ಇದರಲ್ಲಿ ಬದಲಿಸಬೇಕಾದದ್ದು ಕಿಕ್ ಮತ್ತು ಸ್ನೇರ್ ಮಾತ್ರ. ಸಿಂಬಲ್ ತಂಟೆಗೆ ಹೋಗಬೇಡಿ. ಜನರಲ್ ಮಿಡಿಯಲ್ಲಿ (ಯಾವ ವಾದ್ಯಕ್ಕೆ ಯಾವ ನೋಟ್ ಸಂಖ್ಯೆ ಎಂಬ ಸಾಮಾನ್ಯ ಒಪ್ಪಂದ) ಮುಚ್ಚಿದ ಹೈ-ಹ್ಯಾಟ್‌ಗೆ 42, ಕಾಲಲ್ಲಿ ಮುಚ್ಚಿದ್ದಕ್ಕೆ 44, ತೆರೆದದ್ದಕ್ಕೆ 46 ಎಂದು ನೋಟ್‌ಗಳಿವೆ. ಆದರೆ ನುಡಿಸುವವರು ಕಾಲನ್ನು ಇವುಗಳ ನಡುವೆ ಎಲ್ಲೆಲ್ಲೋ ನಿಲ್ಲಿಸುತ್ತಾರೆ. ಅದನ್ನು ಯಾವ ಟ್ರಿಗರ್ ಪ್ಲಗಿನ್ನೂ (ರೆಕಾರ್ಡಿಂಗ್‌ನಲ್ಲಿ ಹೊಡೆತ ಗುರುತಿಸುವ ಸಾಫ್ಟ್‌ವೇರ್) ಸರಿಯಾಗಿ ಹಿಡಿಯುವುದಿಲ್ಲ. ಟಾಮ್ ಹೊಡೆತ ಒಂದು ಹಾಡಿನಲ್ಲಿ ಬೆರಳೆಣಿಕೆಯಷ್ಟೇ ಇದ್ದರೆ ಕೈಯಿಂದಲೇ ನೋಟ್ ಹಾಕಿಬಿಡಿ, ಟ್ರಿಗರ್ ಹೊಂದಿಸುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ.

ಕ್ಲಿಕ್ (ಕಿವಿಗೆ ಲಯ ಕೊಡುವ ಟಿಕ್ ಟಿಕ್ ಸದ್ದು) ಇಲ್ಲದೆ ನುಡಿಸಿದ ಹಾಡಾದರೆ ಪ್ರಾಜೆಕ್ಟಿನ ಟೆಂಪೊ ವಿಷಯವನ್ನು ಮೊದಲೇ ತೀರ್ಮಾನಿಸಿ. ಮಿಡಿ ನೋಟ್‌ಗಳು ಮಾಮೂಲಾಗಿ ಬೀಟಿಗೆ ಕಟ್ಟಿಕೊಂಡಿರುತ್ತವೆ. ಎಲ್ಲ ಮುಗಿದ ಮೇಲೆ 118 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ಇದ್ದದ್ದನ್ನು 120 ಮಾಡಿದರೆ ಆಡಿಯೊ ಇದ್ದಲ್ಲೇ ಇರುತ್ತದೆ, ಮಿಡಿ ಮಾತ್ರ ಜರುಗುತ್ತದೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್‌ಬೇಸನ್ನು 'ಟೈಮ್' ಮಾಡಿಕೊಂಡರೆ ಈ ತಲೆನೋವಿಲ್ಲ.

ಈಗ ಕಿಕ್, ಸ್ನೇರ್ ಟ್ರ್ಯಾಕುಗಳದು ತಲಾ ಒಂದು ನಕಲು ಮಾಡಿ. ಈ ನಕಲು ಕೇಳುವುದಕ್ಕಲ್ಲ, ಹೊಡೆತ ಗುರುತಿಸುವುದಕ್ಕೆ ಮಾತ್ರ. ಹಾಗಾಗಿ ಅದರ ಸದ್ದು ಎಷ್ಟು ವಿಕಾರವಾದರೂ ಅಡ್ಡಿಯಿಲ್ಲ. ಕಿಕ್ ನಕಲಿಗೆ 120 ಹರ್ಟ್ಸ್ ಹತ್ತಿರ ಲೋ-ಪಾಸ್ (ಅದಕ್ಕಿಂತ ಮೇಲಿನ ಸದ್ದನ್ನು ಕತ್ತರಿಸುವ ಫಿಲ್ಟರ್) ಹಾಕಿ. ಸ್ನೇರ್ ನಕಲಿನಲ್ಲಿ 180ರ ಕೆಳಗೂ 1000ದ ಮೇಲೂ ಕತ್ತರಿಸಿದರೆ ಕಿಕ್‌ನ ಗುಡುಗೂ ಹ್ಯಾಟ್‌ನ ಚೀರಾಟವೂ ಬಹುಪಾಲು ಹೋಗುತ್ತವೆ.

ಮುಂದಿನ ಹೆಜ್ಜೆ ಸಾಫ್ಟ್‌ವೇರ್ ಮೇಲೆ ನಿಂತಿದೆ. ರೀಪರ್‌ನಲ್ಲಿ 'ಆಡಿಯೊ ಟು ಮಿಡಿ ಡ್ರಮ್ ಟ್ರಿಗರ್' ಎಂಬ ಜೆಎಸ್ ಪ್ಲಗಿನ್ ಜೊತೆಗೇ ಬರುತ್ತದೆ. ಅದನ್ನು ನಕಲು ಟ್ರ್ಯಾಕಿಗೆ ಹಾಕಿ ನೋಟನ್ನು ಕಿಕ್‌ಗೆ 36, ಸ್ನೇರ್‌ಗೆ 38 ಮಾಡಿ. ಆಮೇಲೆ ಆಕ್ಷನ್ ಪಟ್ಟಿಯಲ್ಲಿ, ಟ್ರ್ಯಾಕ್ ಎಫೆಕ್ಟನ್ನು ಐಟಂಗೆ ಹಚ್ಚಿ ಮಿಡಿ ಔಟ್‌ಪುಟ್‌ನ ಹೊಸ ಟೇಕ್ ಮಾಡುವ ಆಜ್ಞೆಯನ್ನು ಹುಡುಕಿ ಒತ್ತಿ. ಕ್ಯೂಬೇಸ್‌ನಲ್ಲಾದರೆ ಆಡಿಯೊ ಮೇಲೆ ಡಬಲ್ ಕ್ಲಿಕ್ ಮಾಡಿ ಸ್ಯಾಂಪಲ್ ಎಡಿಟರ್ ತೆರೆಯಿರಿ, ಹಿಟ್‌ಪಾಯಿಂಟ್ಸ್‌ನಲ್ಲಿ ಥ್ರೆಶೋಲ್ಡ್ (ಎಷ್ಟು ಜೋರಾದರೆ ಹೊಡೆತ ಎಂದು ಎಣಿಸಬೇಕೆಂಬ ಮಿತಿ) ಎಳೆದು 'ಕ್ರಿಯೇಟ್ ಮಿಡಿ ನೋಟ್ಸ್' ಒತ್ತಿ. ಅಲ್ಲಿ ವೆಲಾಸಿಟಿ (ಹೊಡೆತ ಎಷ್ಟು ಜೋರು ಎಂಬ ಸಂಖ್ಯೆ) ಡೈನಮಿಕ್ ಆಗಿರಲಿ, ಫಿಕ್ಸೆಡ್ ಬೇಡ. ಲಾಜಿಕ್ ಪ್ರೊದಲ್ಲಿ ಡ್ರಮ್ ಟ್ರ್ಯಾಕ್ ಬದಲಿಸಲು ಟ್ರ್ಯಾಕ್ ಮೆನುವಿನಲ್ಲೇ ಆಯ್ಕೆ ಇದೆ. ಏಬಲ್‌ಟನ್ ಲೈವ್‌ನ 'ಕನ್ವರ್ಟ್ ಡ್ರಮ್ಸ್' ಮಿಕ್ಸ್ ಆದ ಲೂಪಿಗೆ ಸರಿ, ಬಿಡಿಬಿಡಿ ಮೈಕ್ ಇದ್ದವರಿಗೆ ಅದು ಅಷ್ಟು ಹೊಂದುವುದಿಲ್ಲ.

ಹಾಡು ನಡೆಯುವಾಗಲೇ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಬಿಡಿ ಹೊಡೆತದ ಸದ್ದು) ಬಾರಿಸುವ ಟ್ರಿಗರ್ ಪ್ಲಗಿನ್‌ಗಳೂ ಇವೆ. ಆದರೆ ಮಿಡಿ ಆಗಿ ಇಳಿದ ನೋಟ್ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ತಪ್ಪು ತಿದ್ದಲು ಅದೇ ಅನುಕೂಲ.

ಥ್ರೆಶೋಲ್ಡ್ ಹೊಂದಿಸುವಾಗ ಹಾಡಿನ ಅತಿ ಮೆತ್ತಗಿನ ಭಾಗದಿಂದ ಶುರುಮಾಡಿ. ಅಲ್ಲಿನ ಹೊಡೆತ ಸಿಕ್ಕರೆ ಜೋರಿನದು ಹೇಗೂ ಸಿಗುತ್ತದೆ. ಹೆಚ್ಚುವರಿ ಬಂದ ನೋಟ್ ಅಳಿಸುವುದು ಸುಲಭ, ತಪ್ಪಿಹೋದದ್ದನ್ನು ಹುಡುಕುವುದು ಕಷ್ಟ. ಒಂದೇ ಹೊಡೆತಕ್ಕೆ ಎರಡು ನೋಟ್ ಬೀಳುತ್ತಿದ್ದರೆ ರೀಟ್ರಿಗರ್ ಸಮಯ (ಒಂದು ನೋಟ್ ಬಿದ್ದ ಮೇಲೆ ಮುಂದಿನದಕ್ಕೆ ಕಾಯುವ ಹೊತ್ತು) ಹೆಚ್ಚಿಸಿ. ಎಷ್ಟು ಎಂಬುದಕ್ಕೆ ಲೆಕ್ಕ ಇದೆ: 60,000ವನ್ನು ಬಿಪಿಎಂನಿಂದ ಭಾಗಿಸಿ, ಮತ್ತೆ 4ರಿಂದ ಭಾಗಿಸಿದರೆ ಹದಿನಾರನೇ ನೋಟಿನ ಅಂತರ ಬರುತ್ತದೆ. 120ರಲ್ಲಿ ಅದು 125 ಮಿಲಿಸೆಕೆಂಡ್, 180ರಲ್ಲಿ ಸುಮಾರು 83. ಅದರ ಅರ್ಧಕ್ಕಿಂತ ತುಸು ಮೇಲೆ ಇಟ್ಟುಕೊಳ್ಳಿ. ಸ್ನೇರ್ ಮೇಲಿನ ಫ್ಲ್ಯಾಮ್ (ಒಂದರ ಬೆನ್ನಿಗೇ ಬೀಳುವ ಜೋಡಿ ಹೊಡೆತ) ಇದರಲ್ಲಿ ಒಂದೇ ನೋಟಾಗಿ ಹೋಗುತ್ತದೆ, ಚಿಕ್ಕ ನೋಟನ್ನು ಕೈಯಿಂದ ಸೇರಿಸಬೇಕು. ಮಳೆ ಸದ್ದಿನ ಟ್ರ್ಯಾಕಿನಲ್ಲಿ ಘೋಸ್ಟ್ ನೋಟ್‌ಗಳು (ಸ್ನೇರ್ ಮೇಲಿನ ಅತಿ ಮೆತ್ತಗಿನ ಹೊಡೆತಗಳು) ಮಳೆಯೊಳಗೇ ಮುಳುಗಿರುತ್ತವೆ. ಅವುಗಳಿಗಾಗಿ ಥ್ರೆಶೋಲ್ಡ್ ಇಳಿಸಿದರೆ ಮಳೆಗೂ ನೋಟ್ ಬೀಳುತ್ತದೆ. ಬ್ಯಾಕ್‌ಬೀಟ್ (ಸ್ನೇರ್‌ನ ಮುಖ್ಯ ಜೋರು ಹೊಡೆತ) ಅಷ್ಟನ್ನೇ ಟ್ರಿಗರ್‌ಗೆ ಬಿಟ್ಟು, ಉಳಿದದ್ದನ್ನು ಕೇಳಿ ಕೇಳಿ ಹಾಕಿ.

ಹೆಚ್ಚಿನವರು ಎಡವುವುದು ಟೈಮಿಂಗ್‌ನಲ್ಲಿ. ಹೊಡೆತ ಶುರುವಾದ ಕ್ಷಣಕ್ಕೂ ಅದು ಥ್ರೆಶೋಲ್ಡ್ ದಾಟಿದ ಕ್ಷಣಕ್ಕೂ ನಡುವೆ ಕೆಲವು ಮಿಲಿಸೆಕೆಂಡ್ ಇರುತ್ತದೆ. ಲೋ-ಪಾಸ್ ಹಾಕಿದ್ದರೆ ಅದೂ ಸ್ವಲ್ಪ ತಡ ಮಾಡುತ್ತದೆ. ಹೀಗಾಗಿ ಮಿಡಿ ಯಾವಾಗಲೂ ತುಸು ಹಿಂದೆ ಬೀಳುತ್ತದೆ. ಅದೂ ಒಂದೇ ಅಳತೆಯಲ್ಲಿ ಅಲ್ಲ: ಜೋರು ಹೊಡೆತ ಬೇಗ ದಾಟುತ್ತದೆ, ಮೆತ್ತಗಿನದು ತಡವಾಗಿ. 60 ಹರ್ಟ್ಸ್‌ನ ಒಂದು ಅಲೆ 16.7 ಮಿಲಿಸೆಕೆಂಡ್. ಹೊಸ ಕಿಕ್ 8 ಮಿಲಿಸೆಕೆಂಡ್ ತಡವಾಯಿತೆಂದರೆ ಹಳೆಯದರ ಅಲೆ ಮೇಲೆದ್ದಾಗ ಹೊಸದರದು ಕೆಳಗಿಳಿದಿರುತ್ತದೆ. ಎರಡನ್ನೂ ಸೇರಿಸಿದರೆ ತೂಕ ಬರುವ ಬದಲು ಇದ್ದದ್ದೂ ಹೋಗುತ್ತದೆ.

ಸರಿಪಡಿಸುವ ಬಗೆ ಹೀಗೆ. ಮಿಡಿ ಬಾರಿಸಿದ ಸ್ಯಾಂಪಲನ್ನು ಆಡಿಯೊ ಆಗಿ ರೆಂಡರ್ ಮಾಡಿ ಮೂಲ ಕಿಕ್‌ನ ಕೆಳಗೆ ಇಡಿ. ಹೋಲಿಸಬೇಕಾದದ್ದು ಮೂಲದ ಜೊತೆ, ಫಿಲ್ಟರ್ ಹಾಕಿದ ನಕಲಿನ ಜೊತೆ ಅಲ್ಲ. ಪೂರ್ತಿ ಜೂಮ್ ಮಾಡಿ ನಾಲ್ಕೈದು ಕಡೆ ವ್ಯತ್ಯಾಸ ಅಳೆದು, ಅಷ್ಟು ಮಿಲಿಸೆಕೆಂಡ್ ಇಡೀ ಟ್ರ್ಯಾಕನ್ನು ಮುಂಚೆ ಸರಿಸಿ. ಮೆತ್ತಗಿನ ಹೊಡೆತಗಳನ್ನು ಒಂದೊಂದಾಗಿ ಸರಿಸಿ. ಎರಡರ ಮೊದಲ ಅಲೆಯೂ ಒಂದೇ ದಿಕ್ಕಿಗೆ ಏಳುತ್ತಿದೆಯೇ ನೋಡಿ, ಇಲ್ಲದಿದ್ದರೆ ಪೊಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ). ಕೊನೆಗೆ ಹೆಡ್‌ಫೋನ್‌ನಲ್ಲಿ ಮೂಲವನ್ನು ಎಡಕ್ಕೂ ಹೊಸದನ್ನು ಬಲಕ್ಕೂ ಹಾಕಿ ಹಾಡನ್ನು ಪೂರ್ತಿ ಕೇಳಿ. ತಪ್ಪಿದ ಹೊಡೆತ, ಹಿಂದೆ ಬಿದ್ದ ಹೊಡೆತ ಎಲ್ಲ ಥಟ್ಟನೆ ಗೊತ್ತಾಗುತ್ತದೆ. ಗ್ರಿಡ್ಡಿಗೆ ಕ್ವಾಂಟೈಸ್ ಮಾಡಬೇಡಿ (ನೋಟ್‌ಗಳನ್ನು ಕರಾರುವಾಕ್ಕು ಬೀಟ್ ಗೆರೆಗೆ ಎಳೆಯಬೇಡಿ), ಓವರ್‌ಹೆಡ್‌ನಲ್ಲಿರುವ ಹಳೆಯ ಸ್ನೇರ್ ಗ್ರಿಡ್ಡಿನಲ್ಲಿ ಇರುವುದಿಲ್ಲ.

ವೆಲಾಸಿಟಿಯಲ್ಲಿ ಬ್ಯಾಕ್‌ಬೀಟ್ 100ರಿಂದ 115, ಘೋಸ್ಟ್ ನೋಟ್ 25ರಿಂದ 45 ಇದ್ದರೆ ಸಾಮಾನ್ಯವಾಗಿ ಹೊಂದುತ್ತದೆ. ಎಲ್ಲವೂ 127 ಆಗಿದ್ದರೆ ಟ್ರಿಗರ್‌ಗೆ ಹೋಗುವ ಸಿಗ್ನಲ್ ಮಿತಿಮೀರಿದೆ ಎಂದು ಅರ್ಥ. ಕಿಕ್ಕೂ ಸ್ನೇರೂ ಒಟ್ಟಿಗೆ ಬಿದ್ದ ಕಡೆ ಸ್ನೇರ್‌ನ ವೆಲಾಸಿಟಿ ಸುಮ್ಮಸುಮ್ಮನೆ ಏರಿರುತ್ತದೆ, ಅದು ಬ್ಲೀಡ್‌ನ (ಒಂದರ ಮೈಕಿಗೆ ಇನ್ನೊಂದರ ಸದ್ದು ನುಗ್ಗುವುದು) ಕೊಡುಗೆ, ಇಳಿಸಿಬಿಡಿ. ಈ ನೋಟ್‌ಗಳನ್ನು ಬಾರಿಸುವ ಸ್ಯಾಂಪಲ್ ದುಡ್ಡಿಲ್ಲದೆ ಬೇಕೆಂದರೆ ಎಂಟಿ ಪವರ್ ಡ್ರಮ್ ಕಿಟ್, ಸ್ಟೀವನ್ ಸ್ಲೇಟ್ ಡ್ರಮ್ಸ್ 5.5ರ ಉಚಿತ ಆವೃತ್ತಿ ಇವೆ. ಒಂದೇ ಸ್ಯಾಂಪಲನ್ನು ಪದೇ ಪದೇ ಬಾರಿಸಿದರೆ ಹೊಲಿಗೆ ಯಂತ್ರದ ಸದ್ದು ಬರುತ್ತದೆ.

ಓವರ್‌ಹೆಡ್‌ನಲ್ಲಿ ಹಳೆಯ ಸ್ನೇರ್ ಇದ್ದೇ ಇರುತ್ತದೆ. 400 ಹರ್ಟ್ಸ್ ಕೆಳಗೆ ಕತ್ತರಿಸಿ, ಹೊಸ ಸ್ನೇರ್‌ನ ಶ್ರುತಿಯನ್ನು ಹಳೆಯದರ ಹತ್ತಿರಕ್ಕೆ ತನ್ನಿ, ಇಲ್ಲದಿದ್ದರೆ ಎರಡು ಸ್ನೇರ್ ಕೇಳುತ್ತವೆ. ಮೈಕ್ 1 ಮೀಟರ್ ಮೇಲಿದ್ದರೆ ಅದಕ್ಕೆ ಸದ್ದು ಸುಮಾರು 3 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅದು ಕೋಣೆಯ ಸಹಜ ಅಂತರ, ಸರಿಪಡಿಸಲೇಬೇಕೆಂದಿಲ್ಲ.

ಇಷ್ಟೆಲ್ಲಕ್ಕಿಂತ ಒಳ್ಳೆಯ ಸ್ಯಾಂಪಲ್ ಎಂದರೆ ಅದೇ ಕಿಟ್‌ನದು. ರೆಕಾರ್ಡಿಂಗ್ ಮುಗಿದ ಮೇಲೆ ಮೈಕ್ ಬಿಚ್ಚುವ ಮುಂಚೆ, ಮಳೆ ನಿಂತಿರುವಾಗ, ಕಿಕ್ ಮತ್ತು ಸ್ನೇರ್‌ಗೆ ಮೆಲ್ಲಗೆ, ಮಧ್ಯಮ, ಜೋರಾಗಿ ತಲಾ ನಾಲ್ಕು ಬಿಡಿ ಹೊಡೆತ ಹೊಡೆಸಿಕೊಳ್ಳಿ. ಪ್ರತಿ ಹೊಡೆತದ ಅನುರಣನ ಪೂರ್ತಿ ನಿಲ್ಲುವವರೆಗೂ ಯಾರೂ ಅಲುಗಾಡಬಾರದು. ತಮಟೆ, ಡೊಳ್ಳು ಇರುವ ಹಾಡಿಗಂತೂ ಇದೇ ದಾರಿ, ರೆಡಿಮೇಡ್ ಡ್ರಮ್ ಕಿಟ್‌ಗಳಲ್ಲಿ ಅವು ಇರುವುದಿಲ್ಲ. ತಮಟೆಗೆ ದಪ್ಪ ಕೋಲು, ಸಣ್ಣ ಕೋಲು ಎರಡರ ಹೊಡೆತವನ್ನೂ ಬೇರೆ ಬೇರೆ ನೋಟಿಗೆ ಹಾಕಿ. ಬೆಂಕಿಗೆ ಕಾಯಿಸಿದ ಕೂಡಲೇ ತೆಗೆದುಕೊಳ್ಳಿ, ಮಲೆನಾಡಿನ ತೇವಕ್ಕೆ ಚರ್ಮ ಬೇಗ ಸಡಿಲವಾಗಿ ಶ್ರುತಿ ಇಳಿಯುತ್ತದೆ.